ಬುಗುರಿ ಯಾರ ಕೈಗೆ?

"ವನಜಾಕ್ಷಿ ಮೇಡಂ ಅಂದ್ರೆ... ನೀವೇನಾ?"

ಬಾಗಿಲಲ್ಲಿ ನಿಂತ ಯುವಕ ಕೇಳಿದ. ಅವಳು ಉತ್ತರಿಸುವ ಮೊದಲೇ ಹಿಂದಿನಿಂದ ಬಂದ ಮುಷ್ಟಿ ಅವನ ದವಡೆಗೆ ಬಿತ್ತು. ಅವನು ಮೇಜಿನ ಮೇಲೆ ಬೋರಲಾಗಿ ಬಿದ್ದ. ಕೀಬೋರ್ಡಿನ ಮೇಲೆ ರಕ್ತ ತೊಟ್ಟಿಕ್ಕಿತು.

"ದಯಾನಂದ! ಏನ್ ಮಾಡ್ತಿದೀಯಾ?" ವನಜಾಕ್ಷಿ ಚೀರಿದಳು.

ತಿಪಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಆ ಕಂಪ್ಯೂಟರ್ ಸೆಂಟರಿನಲ್ಲೇ, 2001ರಲ್ಲಿ, ಅವಳೂ ದಯಾನಂದನೂ ಸೇರಿ 'ಬುಗುರಿ'ಯನ್ನು ಶುರು ಮಾಡಿದ್ದರು. ಅದೊಂದು ಗೇಮ್ ಎಂಜಿನ್. ಕಂಪ್ಯೂಟರ್ ಆಟ ಕಟ್ಟುವವರಿಗೆ ಬೇಕಾದ ತಳಪಾಯ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ತಿದ್ದಬಹುದು. ಎಲ್ಲೆಲ್ಲಿಯೋ ಇದ್ದ ಹುಡುಗ ಹುಡುಗಿಯರು ಇಂಟರ್‌ನೆಟ್ಟಿನಲ್ಲೇ ಕೂಡಿ ಅದನ್ನು ಬೆಳೆಸಿದ್ದರು.

ಮದುವೆಯಾಗು ಅಂತ ದಯಾನಂದ ಕೇಳಿ, ಅವಳು ಒಲ್ಲೆ ಅಂದ ಮೇಲೆ ಅವನು ಬುಗುರಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಎಲ್ಲ ಭಾರ ಅವಳೊಬ್ಬಳದೇ. ಈಗ, ಆರು ವರ್ಷದ ಮೇಲೆ, ಚಿಕ್ಕನಾಯಕನಹಳ್ಳಿಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಇನ್ನು ತನ್ನ ಕೈಲಾಗದು ಅಂತ ಬುಗುರಿ ಬಳಗಕ್ಕೆ ತಿಳಿಸಿದಳು. ಬಳಗದವರು ಅವಳ ಜಾಗಕ್ಕೆ ಇಬ್ಬರನ್ನು ಆರಿಸಿದರು. ಒಬ್ಬಳು ನೊಣವಿನಕೆರೆಯ ಪವಿತ್ರ. ಇನ್ನೊಬ್ಬ, ತುರುವೇಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ದಿನೇಶ್.

ಮುಖ ನೋಡದೆಯೇ ದಿನೇಶನ ಜೊತೆ ಎಷ್ಟು ಜಗಳ, ಎಷ್ಟು ನಗು! ಇವತ್ತು ಮೊದಲ ಭೇಟಿ, ಬಾಗಿಲಲ್ಲಿ ನಿಂತಿದ್ದವನು ಅವನೇ. ಅದಕ್ಕೆಂದೇ ಅವಳು ಹೊಸ ಸೀರೆ ಉಟ್ಟಿದ್ದಳು...

"ನಾನು ಹುಟ್ಸಿದ್ದು ಕಣೇ ಅದು! ಬಳಗದ ಮೆಸೇಜು ನಂಗೂ ಬರ್ತವೆ. ದಾರೀಲಿ ಹೋಗೋನ್ಗೆ ಕೊಟ್‌ಬುಡ್ತೀಯಾ?"

ದಯಾನಂದ ಕಬ್ಬಿಣದ ಸ್ಟೂಲು ಎತ್ತಿ ಅವಳತ್ತ ಬೀಸಿದ. ದಿನೇಶ್ ಅಡ್ಡ ಬಂದ. ಅವನ ಕೈಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು! ಎರಡನೇ ಏಟಿಗೆ ಕಂಪ್ಯೂಟರ್ ಪರದೆ ಚೂರುಚೂರಾಯಿತು. ಅಕ್ಕಪಕ್ಕದ ಅಂಗಡಿಯವರು ಓಡಿಬರುವಷ್ಟರಲ್ಲಿ ದಯಾನಂದ ಬಗ್ಗಿ ದಿನೇಶನ ಕಿವಿಯಲ್ಲಿ ಏನೋ ಹೇಳಿ ಹೊರಟುಹೋದ.

ಅವಳು ಸೆರಗಿನಿಂದ ದಿನೇಶನ ತುಟಿ ಒತ್ತಿ ಹಿಡಿದಳು. "ಆಸ್ಪತ್ರೆಗೆ ಹೋಗೋಣ ಬನ್ನಿ..."

ಅವನು ಮುಖ ತಿರುಗಿಸಿದ. "ಬ್ಯಾಡಿ ಮೇಡಂ. ನಂಗೆ ಬುಗುರಿ ಬ್ಯಾಡ. ಬೇರೆ ಯಾರ್ಗಾದ್ರೂ ಕೊಡಿ."

ಹಿಂತಿರುಗಿ ನೋಡದೆ ಹೊರಟೇಬಿಟ್ಟ.

'ಹೇಡಿ! ಎರಡು ಏಟಿಗೇ ಹೆದರಿದನಾ? ಇಂಥವನ ಮೆಸೇಜಿಗಾ ನಾನು ದಿನಾ ಕಾಯ್ತಿದ್ದೆ?' ಆ ಸಂಜೆ ಅವಳು ಅಳುವಷ್ಟು ಅತ್ತಳು.

ವಾರದೊಳಗೆ ದಯಾನಂದ ಇನ್ನೊಂದು ಏಟು ಕೊಟ್ಟ. ತನ್ನ ಹಳೇ ಪಾಸ್‌ವರ್ಡ್ ಬಳಸಿ ಸರ್ವರಿನಿಂದ ಬುಗುರಿಯನ್ನು ಪೂರ್ತಿ ಅಳಿಸಿಹಾಕಿದ!

ಪವಿತ್ರಳ ಫೋನ್ ಬಂತು. "ಅಳ್ಬೇಡಿ ಅಕ್ಕಾ. ದಿನೇಶಣ್ಣನ ಹತ್ರ ಪೂರ್ತಿ ಕಾಪಿ ಐತೆ."

"ಅವರ ಹೆಸ್ರು ಎತ್ಬೇಡ ಕಣೇ."

"ಅಕ್ಕಾ... ನಿಮಗೆ ಹೇಳ್ಬೇಡ ಅಂದಿದ್ರು. ನಿಮ್ಮ ಕಡೆ ಒಂದು ಕಣ್ಣಿಟ್ಟಿರು ಅಂತ ನಂಗೊಬ್ಬಳಿಗೇ ಹೇಳಿದ್ರು. ಅವತ್ತು ದಯಾನಂದ ಕಿವೀಲಿ ಅಂದಿದ್ದೇನು ಗೊತ್ತಾ? ನೀನು ಬುಗುರಿ ಮುಟ್ಟಿದ್ರೆ ಅವಳ ಮುಖಕ್ಕೆ ಆಸಿಡ್ ಎರಚ್ತೀನಿ ಅಂತ!"

ವನಜಾಕ್ಷಿ ದಿನೇಶನ ಮನೆಯ ವಿಳಾಸ ಕೇಳಿ ಬರೆದುಕೊಂಡಳು.

ಮಾರನೇ ದಿನ ಅವನ ಊರು ದಬ್ಬೇಘಟ್ಟದ ಬಸ್ ಹತ್ತಿದಳು. ದಿನೇಶ್ ಮನೆ ಹಿಂದಿನ ತೋಟದಲ್ಲಿದ್ದ. ಕೈಗೆ ಪ್ಲಾಸ್ಟರ್. ಅವನನ್ನು ಕಂಡದ್ದೇ ತಡ, ಅವಳಿಗೆ ದುಃಖವೂ ಸಿಟ್ಟೂ ಒಟ್ಟಿಗೇ ಉಕ್ಕಿದವು.

"ಮುಖ ನಂದು ಕಣ್ರೀ! ನನ್ನ ಒಂದು ಮಾತೂ ಕೇಳ್ದೆ ನೀವ್ಯಾಕೆ ತೀರ್ಮಾನ ಮಾಡಿದ್ರಿ? ಪೊಲೀಸರಿಗೆ ಹೇಳ್ತಿದ್ದೆ, ಹೋರಾಡ್ತಿದ್ದೆ..."

"ತಪ್ಪಾಯ್ತು. ನಿಮಗೇನಾದ್ರೂ ಆದ್ರೆ ಅಂತ... ಭಯ ಆಯ್ತು ಕಣ್ರೀ."

ಅಷ್ಟರಲ್ಲಿ ಬೈಕಿನ ಸದ್ದು! ತಿಪಟೂರಿನಿಂದಲೇ ಅವಳ ಬಸ್ಸಿನ ಹಿಂದೆ ಬಂದಿದ್ದ ದಯಾನಂದ, ಕೈಯಲ್ಲಿ ಮಚ್ಚು ಹಿಡಿದು ತೋಟಕ್ಕೆ ನುಗ್ಗಿದ.

ದಿನೇಶ್ ಅವಳನ್ನು ಎಳೆದುಕೊಂಡ. ಬೀಸಿದ ಮಚ್ಚು ಅವನ ಭುಜ ಸೀಳಿ ತೆಂಗಿನ ಮರಕ್ಕೆ ಕಚ್ಚಿಕೊಂಡಿತು. ದಯಾನಂದ ಅದನ್ನು ಕೀಳಲು ಒದ್ದಾಡುತ್ತಿದ್ದ. ವನಜಾಕ್ಷಿ ಕಾಲಬುಡದಲ್ಲಿ ಬಿದ್ದಿದ್ದ ಒಣ ತೆಂಗಿನ ಮಟ್ಟೆ ಎತ್ತಿಕೊಂಡು ಅವನ ಮಣಿಕಟ್ಟಿಗೆ ಬಾರಿಸಿದಳು. ಮತ್ತೆ ಬಾರಿಸಿದಳು. ಬೆನ್ನಿಗೆ, ಮೊಣಕಾಲಿಗೆ... ಅವನು ಕುಸಿದು ಬಿದ್ದ. ಮಟ್ಟೆಯ ಅಂಚು ಕುಯ್ದು ಅವಳ ಅಂಗೈ ರಕ್ತವಾಗಿತ್ತು. ಆದರೂ ನಿಲ್ಲಿಸಲಿಲ್ಲ.

"ಸಾಕು ವನಜಾ! ಸತ್ತೋಗ್ತಾನೆ!" ದಿನೇಶ್ ಅವಳ ಕೈ ಹಿಡಿದುಕೊಂಡ.

"ಅಳಿಸ್ದೆ ಅಂದ್ಕೊಂಡ್ಯಾ?" ಅವಳು ಏದುಸಿರು ಬಿಡುತ್ತಾ ದಯಾನಂದನನ್ನು ಕೇಳಿದಳು. "ಊರೂರಲ್ಲೂ ಕಾಪಿ ಐತೆ. ನೀನೂ ಒಂದು ತಗೊಂಡೋಗು, ಯಾರೂ ಬ್ಯಾಡ ಅನ್ನಲ್ಲ. ಆದ್ರೆ ಅದು ನಿನ್ನ ಸೊತ್ತಲ್ಲ. ನಾನೂ ಅಲ್ಲ!"

ಗಲಾಟೆ ಕೇಳಿ ಬಂದ ಊರಿನವರು ಅವನನ್ನು ಕಟ್ಟಿಹಾಕಿದರು. ಪೊಲೀಸರು ಬಂದು ಕರೆದೊಯ್ದರು.

ದಿನೇಶನ ಗಾಯಕ್ಕೆ ಹಾಕಿದ ಹೊಲಿಗೆ ಬಿಚ್ಚಿದ ಮೇಲೆ, ಒಂದು ಶನಿವಾರ ಮೂವರೂ ಅದೇ ಸೆಂಟರಿನಲ್ಲಿ ಕೂಡಿದರು. ಬುಗುರಿ ಹೊಸ ಸರ್ವರಿನಲ್ಲಿ ಮತ್ತೆ ಎದ್ದು ನಿಂತಿತು. ವನಜಾಕ್ಷಿ ಅದನ್ನು ನೋಡಿಕೊಳ್ಳುವವರ ಪಟ್ಟಿಗೆ ಪವಿತ್ರಳ ಹೆಸರು ಸೇರಿಸಿದಳು, ದಿನೇಶನ ಹೆಸರು ಸೇರಿಸಿದಳು. ಆಮೇಲೆ ತನ್ನ ಹೆಸರು ತೆಗೆದಳು.

ಪವಿತ್ರ ಟೀ ತರುವ ನೆಪ ಹೇಳಿ ಹೊರಗೆ ಹೋದಳು.

"ಬೇಜಾರಾಯ್ತಾ ಮೇಡಂ?" ದಿನೇಶ್ ಮೆಲ್ಲಗೆ ಕೇಳಿದ.

"ಆಯ್ತು. ಇನ್ಮೇಲೆ ನಿಮ್ಮ ಜೊತೆ ಜಗಳ ಆಡೋಕೆ ಏನೂ ಇಲ್ವಲ್ಲ... ಮತ್ತೆ, ಮೇಡಂ ಅನ್ಬೇಡಿ. ತೋಟದಲ್ಲಿ ವನಜಾ ಅಂದ್ರಿ. ಅದೇ ಚೆನ್ನಾಗಿತ್ತು."

ಅವನ ಕಿವಿ ಕೆಂಪಾಯಿತು. "ನೀವಂದ್ರೆ ನಂಗೆ ಇಷ್ಟ ವನಜಾ. ಮುಖ ನೋಡೋಕೆ ಮುಂಚೆಯಿಂದ್ಲೂ."

ಅವಳ ಕಣ್ಣು ತುಂಬಿ ಬಂತು. "ನಂಗೂ ಕಣ್ರೀ..."

"ಹಂಗಾದ್ರೆ ನಾಳೆ ಅವ್ವನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?"

"ಬನ್ನಿ," ಅಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. "ಬಸ್ಸಲ್ಲಿ ನಿಂತ್ಕೊಂಡು ಮಾತ್ರ ಬರ್ಬೇಡಿ. ಆ ಕೈಗೆ ಇನ್ನೊಂದು ಏಟು ಬಿದ್ರೆ ನನ್ನ ಕೈಲಿ ನೋಡೋಕಾಗಲ್ಲ."