ಕೈಹಿಡಿ ಬೇಕೆ, ಬೇಡವೆ?

“ಕೈಹಿಡಿ ಬೇಕಾ ಮೇಡಂ, ಬೇಡ್ವಾ?”

ಲಕ್ಷ್ಮೀಪುರಂನ ವೀಲ್‌ಚೇರ್ ಅಂಗಡಿಗೆ ನಾನು ಕಾಲಿಡುವುದಕ್ಕೂ ಈ ಪ್ರಶ್ನೆ ಕಿವಿಗೆ ಬೀಳುವುದಕ್ಕೂ ಸರಿಹೋಯಿತು. ಹೇಮಶ್ರೀ ತಲೆಯೆತ್ತದೆ, “ಬೇಡ ಅನ್ಸುತ್ತೆ,” ಅಂದಳು.

ಮನಸ್ಸಿನಲ್ಲಿರುವುದನ್ನು ಇವತ್ತಾದರೂ ಹೇಳಿಬಿಡಬೇಕೆಂದು ದಟ್ಟಗಳ್ಳಿಯಿಂದ ರಿಹರ್ಸಲ್ ಮಾಡಿಕೊಂಡು ಬಂದವನು ನಾನು. ಕೇಳುವ ಮೊದಲೇ ರಿಜೆಕ್ಟ್.

ನನ್ನ ಮುಖ ನೋಡಿ ಅವಳ ಒಂದು ಹುಬ್ಬು ಏರಿತು. “ಕುರ್ಚಿ ಹಿಂದಿನ ಹಿಡಿ ಕಣೋ ಯೋಗಿ. ನೀನೇನಂದ್ಕೊಂಡೆ?”

“ಹಿಡಿಸ್ಲಿಲ್ವೇನೋ ಅಂದ್ಕೊಂಡೆ.”

ಅಂಗಡಿಯ ದೊರೆಸ್ವಾಮಿಯವರು ಹಗುರವಾದ ಕುರ್ಚಿಯೊಂದನ್ನು ಮುಂದೆ ತಂದರು. “ಟೇಬಲ್ ಟೆನ್ನಿಸ್ ಆಡ್ತೀರಿ, ಕಾರಿಗೆ ನೀವೇ ಎತ್ತಿ ಹಾಕ್ಕೋತೀರಿ. ಇದೇ ಸರಿ ಕಣಮ್ಮ. ಚಕ್ರ ಕೊಂಚ ಓರೆ, ಬೇಗ ತಿರುಗುತ್ತೆ. ಹಿಡಿ ಹಾಕಿಸಿದ್ರೆ ಯಾರಾದ್ರೂ ತಳ್ಳಬೋದು, ಅಷ್ಟೇ.”

ಅವಳು ಕೂತು ಗರ್ರನೆ ಸುತ್ತಿದಳು. ನಕ್ಕಳು. ಪಕ್ಕದಲ್ಲಿದ್ದ ತನ್ನ ಹಳೇ ಕುರ್ಚಿ ಕಣ್ಣಿಗೆ ಬಿದ್ದೊಡನೆ ನಗು ನಿಂತಿತು.

ಅದರ ಹಿಡಿಯ ರಬ್ಬರಿನಲ್ಲಿ ಅಮರ್‌ನ ಬೆರಳಿನ ಗುರುತು ಇನ್ನೂ ಇತ್ತು. ನನ್ನ ಗೆಳೆಯ, ಅವಳನ್ನು ಮದುವೆಯಾಗಬೇಕಿದ್ದವನು. ಹೋದ ವರ್ಷ ಜ್ವರದಲ್ಲಿ ತೀರಿಕೊಂಡ. ಆಮೇಲೂ ಇಳಿಜಾರಿನಲ್ಲಿ ಯಾರೋ ಮೆಲ್ಲಗೆ ತಡೆದು ಹಿಡಿದಂತಾಗುತ್ತದೆ ಅನ್ನುತ್ತಿದ್ದಳು. ಸಂಜೆ ಫೋನ್ ಮಾಡಿ, “ಒಂದ್ಸಲ ಅವನ ಥರ ಹೇಳು,” ಅನ್ನುತ್ತಿದ್ದಳು. ಕಾಲೇಜಿನ ಮಿಮಿಕ್ರಿ ಚಾಂಪಿಯನ್ ನಾನು, ಹೇಳುತ್ತಿದ್ದೆ. “ಹೊರಡೋಣ್ವಾ, ಮೇಡಮ್ಮೋರೇ?” ಆ ಕಡೆ ಉಸಿರು ನಿಲ್ಲುತ್ತಿತ್ತು.

ಪ್ರೀತಿ ನನ್ನದು, ದನಿ ಅವನದು. ಅವನು ನನ್ನ ಮೈಮೇಲೆ ಬರುತ್ತಿದ್ದನೋ, ನಾನೇ ಅವನ ಮೈಮೇಲೆ ಹೋಗುತ್ತಿದ್ದೆನೋ.

“ಹಿಡಿ ಇಲ್ದಿದ್ರೆ ಅವನು ಎಲ್ಲಿ ನಿಲ್ತಾನೆ ಯೋಗಿ?”



ಟ್ರಯಲ್‌ಗೆಂದು ಬಾಗಿಲಾಚೆಯ ಇಳಿಜಾರಿನ ಮೇಲ್ತುದಿಗೆ ಬಂದೆವು. ದೊರೆಸ್ವಾಮಿಯವರೂ ಬಂದರು. ಅವಳು ಕಣ್ಣು ಮುಚ್ಚಿದಳು. “ಒಂದ್ಸಲ ಹೇಳು.”

ಬಾಯಿ ತೆರೆದೆ. ಅಮರ್ ಬರಲಿಲ್ಲ. ನಾನು ಕರೆಯಲೂ ಇಲ್ಲ.

“ಹೇಮಾ, ಇವತ್ತು ನಾನೇ ಮಾತಾಡ್ತೀನಿ. ಅವನ ದನಿ ಇನ್ನು ಕೊಡಕ್ಕಾಗಲ್ಲ. ನೀನಂದ್ರೆ ನಂಗಿಷ್ಟ. ಬೈಯೋದಾದ್ರೂ ನನ್ನ ಹೆಸರು ಹಿಡಿದು ಬೈಯಿ.”

ದೊರೆಸ್ವಾಮಿಯವರು ಆಕಾಶ ನೋಡಿದರು. ಅವಳು ಕಣ್ಣು ತೆರೆದು ನನ್ನತ್ತ ತಿರುಗಿದಳು.

“ನಿನ್ನ ದನಿ ಇಷ್ಟು ಒರಟಾ?”

“ಬಳಸ್ದೆ ತುಕ್ಕು ಹಿಡಿದಿದೆ.”

ಅವಳು ಇಳಿಜಾರನ್ನು ತಾನೇ ಇಳಿದಳು. ಕೆಳಗೆ ನಿಂತು ಬಲಗೈ ಚಾಚಿದಳು.

“ಕೈಹಿಡಿ ಬೇಡ ಅಂದ್ಯಲ್ಲ,” ಅಂದೆ, ಹತ್ತಿರ ಹೋಗಿ.

“ಕುರ್ಚಿಗೆ ಬೇಡ ಅಂದೆ ಕಣೋ.”

ಹಿಡಿದೆ. ಅವಳು ಎಡಗೈಯಿಂದಷ್ಟೇ ಚಕ್ರ ನೂಕಿದಳು. ಒಂದೇ ಚಕ್ರ ಓಡಿದರೆ ಕುರ್ಚಿ ನೇರ ಹೋದೀತೆ? ನನ್ನನ್ನು ಸುತ್ತಿಕೊಂಡು ಬಂದು ಅಂಗಡಿಗೆ ಮುಖವಾಯಿತು. ಇಷ್ಟು ದಿನ ಬೆನ್ನ ಹಿಂದಿದ್ದ ಜಾಗವನ್ನು ಅವಳು ಕಣ್ಣು ತುಂಬ ನೋಡಿದಳು. ಬರೀ ಬಿಸಿಲು.

“ಹೋಗ್ಬರ್ತೀವಿ ಅಮರ್,” ಅಂದಳು.

ಒಳಗೆ ಹಳೇ ಕುರ್ಚಿ ಕಿರ್ರೆಂದಿತು, ಅವನು ತಳ್ಳುವಾಗ ಅದು ಕಿರುಗುಟ್ಟುತ್ತಿದ್ದ ಹಾಗೆ. ದೊರೆಸ್ವಾಮಿಯವರು ಹೊರಗೆ, ನಮ್ಮ ಜೊತೆಯಲ್ಲೇ ಇದ್ದರು.