ಕ್ಯಾಸೆಟ್ಟಿನ ಕೊನೆಯ ಮಾತು

"ಅಜ್ಜಿ ಮಾತು ಎಲ್ಲಿ ಹೋಯ್ತು?"

ಸಾಗರದ ಪೇಟೆಯಲ್ಲಿದ್ದ ಸ್ಟುಡಿಯೋಕ್ಕೆ ನುಗ್ಗಿ ಬಂದ ಯುವಕ ವೀಡಿಯೋ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಕೇಳಿದ. ವರದಾ ಗಾಬರಿಯಿಂದ ಎದ್ದು ನಿಂತಳು. ಸ್ಟುಡಿಯೋ ಅವಳ ಚಿಕ್ಕಪ್ಪ ಮಂಜಯ್ಯನವರದು. ಅವರು ಊಟಕ್ಕೆ ಹೋಗಿದ್ದರು.

"ಯಾವ ಅಜ್ಜಿ?"

"ತೀರ್ಥಹಳ್ಳಿ ಮದುವೇಲಿ ಮದುಮಗಳ ತಲೆ ಸವರಿ ಮಾತಾಡಿದ್ರಲ್ಲ, ಆ ದುಗ್ಗಮ್ಮಜ್ಜಿ. ಮೊನ್ನೆ ತೀರ್ಕೊಂಡ್ರು. ಮನೆಯವ್ರೆಲ್ಲ ಅವ್ರ ದನಿ ಕೇಳೋಣ ಅಂತ ಟಿವಿ ಮುಂದೆ ಕೂತ್ರೆ, ಅಜ್ಜಿ ಬಾಯಿ ಆಡುತ್ತೆ, ಕೇಳ್ಸೋದು ಶಹನಾಯಿ."

ವರದಾ ಬೆಚ್ಚಿದ್ದು ಬೈಗುಳಕ್ಕಲ್ಲ. ಈ ಮುಖ ಹೊಸದು, ಆದರೆ ದನಿ...

ಇವನೇ ವಿಘ್ನೇಶ್ವರ! ಸ್ಟುಡಿಯೋದ ಕ್ಯಾಮೆರಾ ಹೊತ್ತು ತೀರ್ಥಹಳ್ಳಿ, ಹೊಸನಗರದ ಕಡೆ ಮದುವೆ ಶೂಟಿಂಗ್ ಮಾಡಿ, ಬಸ್ಸಿನಲ್ಲಿ ಕ್ಯಾಸೆಟ್ ಕಳಿಸುವವನು. ಕ್ಯಾಮೆರಾ ಹಿಡಿದವನ ಮಾತೇ ಮೈಕಿಗೆ ಎಲ್ಲಕ್ಕಿಂತ ಹತ್ತಿರ. 'ಸ್ವಲ್ಪ ನಗ್ರಮ್ಮ', 'ಆರತಿಯೋರು ಸರೀರಿ' ಎನ್ನುವ ಆ ದನಿಯನ್ನು ಒಂದು ಲಗ್ನದ ಕಾಲವಿಡೀ ಕೇಳಿದ್ದಳು. ಕೇಳಿ, ಅಳಿಸಿ ಹಾಕಿದ್ದಳು.

"ಪುಸ್ತಕದಲ್ಲಿ ಹಾಗೇ ಇದೆ," ಎಂದಳು ಮೆಲ್ಲಗೆ. "ಗದ್ದಲ ತೆಗೆದು ಸಂಗೀತ ಹಾಕಿ ಅಂತ."

ಹೊಸದಾಗಿ ಎಡಿಟಿಂಗ್ ಕಲಿಯುವವರಿಗೆಂದು ಬರೆದ ಇಂಗ್ಲಿಷ್ ಪುಸ್ತಕ ಅದು. ಎರಡು ವಿಸಿಆರ್‌ಗಳ ಜೊತೆ ಚಿಕ್ಕಪ್ಪ ತಂದುಕೊಟ್ಟಿದ್ದರು. ಒಂದರಲ್ಲಿ ಓಡಿಸಿ, ಬೇಕಾದಷ್ಟನ್ನು ಇನ್ನೊಂದಕ್ಕೆ ತುಂಬಿಸಬೇಕು. ಹೇಳಿಕೊಡುವವರಿಲ್ಲ. ಸಾಲುಸಾಲಿಗೂ ಪೆನ್ಸಿಲ್ಲಿನಲ್ಲಿ ಅರ್ಥ ಬರೆದುಕೊಂಡು ವರದಾ ಕಲಿಯುತ್ತಿದ್ದಳು. ಆ ಸಾಲುಗಳನ್ನು ನೋಡಿದ್ದೇ ವಿಘ್ನೇಶ್ವರನ ಸಿಟ್ಟು ಇಳಿಯಿತು.

"ಪುಸ್ತಕ ಬರೆದೋನು ದುಗ್ಗಮ್ಮಜ್ಜಿನ ನೋಡಿಲ್ಲ, ಬಿಡಿ," ಎಂದು ನಕ್ಕ.

ಪುಣ್ಯಕ್ಕೆ ಮೂಲ ಕ್ಯಾಸೆಟ್ ಇನ್ನೂ ಅಲ್ಲೇ ಇತ್ತು. ಇಬ್ಬರೂ ಕೂತು ಆ ಭಾಗವನ್ನು ಮತ್ತೆ ಜೋಡಿಸಿದರು. ಟಿವಿಯಲ್ಲಿ ಅಜ್ಜಿಯ ದನಿ ಬಂತು: "ಗಂಡ ಸಿಟ್ಟಾದ್ರೆ ನೀನೂ ಆಗು ಮಗಾ, ಆದ್ರೆ ಇಬ್ರೂ ಒಂದೇ ದಿನ ಬ್ಯಾಡ."

ವರದಾ ನಗುತ್ತಲೇ ಕಣ್ಣೊರೆಸಿಕೊಂಡಳು. ಅವನು ಅದನ್ನು ನೋಡಿದ.

"ಇನ್ಮೇಲೆ ಯಾವ ಮಾತು ಉಳೀಬೇಕು ಅಂತ ಶೂಟಿಂಗ್ ಮಾಡ್ತಾನೇ ಹೇಳ್ತೀನಿ. ನೀವು ಕೇಳಿಸ್ಕೊಂಡು, ನನ್ನ ಮಾತು ಅಳಿಸಿಬಿಡಿ."

ಶುರುವಾದದ್ದು ಹೀಗೆ.

'ವರದಾ ಅವ್ರೇ, ಇಲ್ಲಿಂದ ಕಟ್ ಮಾಡಿ' ಎಂಬಷ್ಟೇ ಇದ್ದ ಮಾತು ಬರಬರುತ್ತಾ ಬೆಳೆಯಿತು. 'ಇವತ್ತು ಬಸ್ ತಪ್ಪಿ ಲಾರಿ ಹತ್ತಿ ಬಂದೆ.' 'ಈ ಹೋಳಿಗೆ ನಿಮಗೊಂದು ಕಳ್ಸೋ ಹಾಗಿದ್ದಿದ್ರೆ...'

"ನನಗೂ ಹೋಳಿಗೆ ಅಂದ್ರೆ ಇಷ್ಟ," ಎಂದು ಅವಳು ಟಿವಿಗೆ ಹೇಳುತ್ತಿದ್ದಳು. ಟಿವಿ ಅದನ್ನು ತೀರ್ಥಹಳ್ಳಿಗೆ ಮುಟ್ಟಿಸುವುದುಂಟೇ?

ಕ್ಯಾಸೆಟ್ ದುಬಾರಿ ಕಾಲ. ಎಡಿಟಿಂಗ್ ಮುಗಿದರೆ, ಮದುವೆ ಮನೆಗೆ ಅವನು ಮುಟ್ಟಿಸುವ ಪ್ರತಿಯ ಜೊತೆ ಮೂಲ ಕ್ಯಾಸೆಟ್ಟೂ ಅವನಿಗೇ ವಾಪಸ್ಸು ಹೋಗಬೇಕು. ಅದರ ಮೇಲೆ ಮುಂದಿನ ಮದುವೆ ತುಂಬುತ್ತದೆ. ತನಗೆಂದೇ ಆಡಿದ ಮಾತುಗಳನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ಕೇಳಿ, ಬಸ್ ಹೊರಡುವ ಹೊತ್ತಿಗೆ ಕಂಡಕ್ಟರ್ ಕೈಗೆ ಕೊಟ್ಟು ಬರುತ್ತಿದ್ದಳು. ಬರಿಗೈಯಲ್ಲಿ ವಾಪಸ್ಸು ನಡೆಯುವಾಗ ಜೀವ ಬಾಡಿಹೋಗುತ್ತಿತ್ತು.

ಆಮೇಲೆ ಬಂತು ಮಾಸ್ತಿಕಟ್ಟೆಯ ಮದುವೆ. ಎರಡು ಕ್ಯಾಸೆಟ್. ಮೊದಲನೆಯದರ ಕೊನೆಯಲ್ಲಿ ಯಾರೋ ಹೆಂಗಸು ಕೇಳಿದರು: "ವಿಘ್ನೇಶ, ಹುಡುಗಿ ನೋಡಿ ಬಂದ್ಯಂತೆ?"

"ಹೌದತ್ತೆ. ಹುಡುಗಿ ಚೆನ್ನಾಗಿದಾಳೆ. ಮನೆಯವ್ರಿಗೆಲ್ಲ ಒಪ್ಪಿಗೆ..."

ಅಲ್ಲಿಗೆ ಕ್ಯಾಸೆಟ್ ಮುಗಿಯಿತು.

ವರದಾ ಅದನ್ನು ಹೊರಗೆಳೆದಳು. ಎರಡನೇ ಕ್ಯಾಸೆಟ್ ಹಾಕುವಾಗ ಟಿವಿಯ ದನಿಯನ್ನು ಪೂರ್ತಿ ಇಳಿಸಿದಳು. ಆ ದನಿ ಇನ್ನು ತನಗೆ ಬೇಡ. ಮೊದಲಿಂದ ಕೊನೆಯವರೆಗೆ ಹಾಡು ಹಾಕಿ ಮುಗಿಸಿಬಿಟ್ಟಳು. ಪುಸ್ತಕದ ಮೊದಲ ಪಾಠವೇ 'ಕತ್ತರಿಸುವ ಮುನ್ನ ಎಲ್ಲವನ್ನೂ ಕೊನೆತನಕ ನೋಡಿ, ಕೇಳಿ' ಎಂದಿತ್ತು. ಅದೊಂದು ಪುಟದಲ್ಲಿ ಮಾತ್ರ ಅವಳ ಪೆನ್ಸಿಲ್ ಓಡಿರಲಿಲ್ಲ.

ಮುಂದಿನ ಕ್ಯಾಸೆಟ್ಟುಗಳಲ್ಲಿ 'ಇಲ್ಲಿಂದ ಕಟ್ ಮಾಡಿ' ಎನ್ನುವುದಷ್ಟೇ ಉಳಿಯಿತು. ಹೆಸರೂ ಇಲ್ಲ, ಹೋಳಿಗೆಯೂ ಇಲ್ಲ.

ಮದುವೆಯಾಗುವವನಿಗೆ ನನ್ನ ಜೊತೆ ಏನು ಮಾತು... ಎಂದುಕೊಂಡಳು. ಹಾಗೆಂದುಕೊಂಡರೂ ಬಸ್ ಬರುವ ಹೊತ್ತಿಗೆ ಕಾಲು ತಾನಾಗಿ ಸ್ಟ್ಯಾಂಡಿನ ಕಡೆ ಎಳೆಯುತ್ತಿತ್ತು. ಚಿಕ್ಕಪ್ಪ ಶಿಕಾರಿಪುರದ ಸಂಬಂಧವೊಂದರ ಮಾತೆತ್ತಿದರು. ಭಾನುವಾರ ಹುಡುಗನ ಕಡೆಯವರು ನೋಡಲು ಬರುವವರಿದ್ದರು. ಬೇಡವೆನ್ನಲು ಅವಳ ಬಳಿ ಕಾರಣವಿರಲಿಲ್ಲ.

ಆ ವಾರವೇ ಹೊಸನಗರದಿಂದ ಒಂದು ನಾಮಕರಣದ ಕ್ಯಾಸೆಟ್ ಬಂತು. ಮಗುವಿಗೆ ಹೆಸರಿಟ್ಟದ್ದಾಯಿತು, ಊಟವಾಯಿತು. 'ಇಲ್ಲಿಗೆ ಮುಗೀತು' ಎಂದಿತು ಆ ದನಿ. ವರದಾ ನಿಲ್ಲಿಸಲಿಲ್ಲ. ಇನ್ನೊಂದೇ ಒಂದು ಮಾತು ಆಡಿಯಾನು ಎಂಬ ಆಸೆಗೆ ಕ್ಯಾಸೆಟ್ಟನ್ನು ಓಡಲು ಬಿಟ್ಟಳು.

ಪರದೆ ಗರಗರ ಎಂದು ನಡುಗಿ, ಮಾಸ್ತಿಕಟ್ಟೆ ಮೂಡಿತು!

ಅದೇ ಎರಡನೇ ಕ್ಯಾಸೆಟ್. ನಾಮಕರಣ ಚಿಕ್ಕದು. ಹಳೆಯ ಮದುವೆಯ ಕೊನೆಯ ಭಾಗ ಅಳಿಯದೆ ಉಳಿದಿತ್ತು. ಮದುಮಗಳು ಜೀಪು ಹತ್ತುತ್ತಿದ್ದಳು. ಕ್ಯಾಮೆರಾದ ಹಿಂದಿನಿಂದ ತಗ್ಗಿದ ದನಿ:

"ವರದಾ ಅವ್ರೇ... ಆ ಹುಡುಗಿ ಬೇಡ ಅಂದೆ. ಎಲ್ರಿಗೂ ಒಪ್ಪಿಗೆ, ನನಗೇ ಆಗ್ಲಿಲ್ಲ. ಏನು ಕಂಡ್ರೂ ನಿಮಗೆ ಹೇಳ್ಬೇಕು ಅನ್ಸುತ್ತೆ, ಇನ್ನೊಬ್ರನ್ನ ಹೇಗೆ ಕಟ್ಕೊಳ್ಲಿ? ನಿಮಗೂ ಮನಸ್ಸಿದ್ರೆ ಇದನ್ನ ಅಳಿಸ್ದೆ ಹಾಗೇ ಬಿಡಿ. ಮದುವೆ ಮನೆಯವ್ರು ಬೈದ್ರೆ ನಾನು ಬೈಸ್ಕೋತೀನಿ. ಇಲ್ಲಾಂದ್ರೆ ಎಂದಿನ ಹಾಗೆ ಹಾಡು ಹಾಕಿಬಿಡಿ. ಮತ್ತೆ ಕೇಳಲ್ಲ."

ಹಾಡು ಹಾಕಿದ್ದಳಲ್ಲ! ಅದೂ ಕುಣಿಯುವಂಥ ಹಾಡು. ಅದನ್ನು ಕೇಳಿಸಿಕೊಂಡು ಅವನು ಸುಮ್ಮನಾಗಿದ್ದ. ವರದಾ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಮರುದಿನ ಮೊದಲ ಬಸ್ಸಿಗೆ ಹೊಸನಗರಕ್ಕೆ ಹೊರಟಳು. ಅಲ್ಲಿ ಅವನದೊಂದು ಮದುವೆಯಿತ್ತು. ಛೇ, ಅವನ ಮದುವೆಯಲ್ಲ, ಅವನು ಶೂಟಿಂಗ್ ಮಾಡುವ ಮದುವೆ.

ಧಾರೆ ಮುಗಿದು, ಜನ ಅಕ್ಷತೆ ಹಾಕಲು ಸಾಲಾಗಿ ಹೋಗುತ್ತಿದ್ದರು. ಭುಜದ ಮೇಲೆ ಕ್ಯಾಮೆರಾ, ಒಂದು ಕಣ್ಣು ಮುಚ್ಚಿ ಅವನು ನಿಂತಿದ್ದ. ವರದಾ ನೇರ ಹೋಗಿ ಕ್ಯಾಮೆರಾದ ಎದುರು ನಿಂತಳು.

ಮುಚ್ಚಿದ್ದ ಕಣ್ಣು ತೆರೆಯಿತು.

"ಕ್ಯಾಮೆರಾ ಓಡ್ತಿದೆ, ವರದಾ ಅವ್ರೇ," ಎಂದ ಕಷ್ಟಪಟ್ಟು.

"ಓಡ್ಲಿ. ಮಾಸ್ತಿಕಟ್ಟೆದು ನಾನು ಕೇಳೇ ಇರ್ಲಿಲ್ಲ. ನೀವು ಮದುವೆ ಆಗ್ತೀರಿ ಅನ್ಕೊಂಡು ದನಿ ಮುಚ್ಚಿ ಹಾಡು ಹಾಕಿದ್ದೆ. ನಿನ್ನೆ ಕೇಳ್ದೆ."

"ಕೇಳಿ?"

"ಮನಸ್ಸಿದೆ. ಮೊದ್ಲಿಂದ್ಲೂ ಇತ್ತು."

ಹಿಂದೆ ನಿಂತಿದ್ದ ಹೂವಮ್ಮ ಎಂಬ ಹಿರಿಯಾಕೆ, "ಯಾರೇ ಇವ್ಳು, ಮದುಮಕ್ಕಳಿಗೆ ಅಡ್ಡ ನಿಂತಿದಾಳೆ?" ಎಂದು ಗೊಣಗಿದರು.

"ಇದನ್ನ ಕಟ್ ಮಾಡ್ಬೇಕಾಗುತ್ತೆ," ಎಂದ ವಿಘ್ನೇಶ್ವರ. ಅವನ ಕಣ್ಣು ತುಂಬಿತ್ತು.

"ಮಾಡಲ್ಲ," ಎಂದಳು ವರದಾ. "ಬೈದ್ರೆ ಇಬ್ರೂ ಬೈಸ್ಕೊಳ್ಳೋಣ."