ಎಲ್ಲ ಫೋನಿನಲ್ಲೂ ತೆರೆಯುವ ಪುಟ

"ನಿಮ್ಮ ಅಂಗಡೀಲಿರೋ ಹಳೇ ಫೋನ್‌ಗಳನ್ನೆಲ್ಲ ಒಂದ್ಸಲ ಮುಟ್ಟಿ ನೋಡ್ಬಹುದಾ?"

ಬಣಕಲ್ಲಿನ ತನ್ನ ಮೊಬೈಲ್ ಅಂಗಡಿಯಲ್ಲಿ ಕೂತಿದ್ದ ರಕ್ಷಾ ತಲೆ ಎತ್ತಿದಳು. ಕೊಳ್ಳುವುದಿಲ್ಲ, ರಿಪೇರಿಗೂ ತಂದಿಲ್ಲ... ಬರೀ ಮುಟ್ಟಿ ನೋಡಬೇಕಂತೆ! ಯಾರಪ್ಪ ಇವನು?

ಹೆಸರು ನಿರಂಜನ, ಮೂಡಿಗೆರೆಯವನು. ಯಾವ ಊರಲ್ಲಿ ಎಷ್ಟು ಇಂಚು ಮಳೆ ಬಿತ್ತೆಂದು ಕಾಫಿ ಬೆಳೆಗಾರರು ಬೆಳಗೆದ್ದು ನೋಡಲೆಂದು ವೆಬ್‌ಸೈಟ್ ಕಟ್ಟುತ್ತಿದ್ದ. ಅವನ ಫೋನಿನಲ್ಲಿ ಅದು ಬಲು ಚಂದ. ಕಾಫಿ ಹೂವು ಅರಳುತ್ತಿತ್ತು, ನಕ್ಷೆ ತಿರುಗುತ್ತಿತ್ತು. ಅಂಗಡಿಯ ಸೆಕೆಂಡ್ ಹ್ಯಾಂಡ್ ಫೋನುಗಳ ಹಳೆಯ ಬ್ರೌಸರಿನಲ್ಲಿ ಮಾತ್ರ ಬರೀ ಬಿಳಿ ಪರದೆ.

"ನಮ್ಮ ದೊಡ್ಡಪ್ಪನ ಕೈಲೂ ಇಂಥದ್ದೇ ಇರೋದು. ಅವ್ರಿಗೇ ಕಾಣ್ದಿದ್ಮೇಲೆ ಯಾರಿಗಂತ ಮಾಡ್ಲಿ?"

ಮರುದಿನವೂ ಬಂದ. ಮೂಡಿಗೆರೆಯಲ್ಲಿ ಫೋನ್ ಅಂಗಡಿಗೆ ಬರವಿತ್ತೇ? ಅದನ್ನು ರಕ್ಷಾ ಕೇಳಲಿಲ್ಲ.

ಬಂದಾಗಲೆಲ್ಲ ಪುಟದಿಂದ ಏನಾದರೊಂದು ಕಿತ್ತುಹಾಕುತ್ತಿದ್ದ. ನಕ್ಷೆ ಹೋಯಿತು, ಹೂವೂ ಹೋಯಿತು. ಹಳೆಯ ಫೋನುಗಳಲ್ಲೂ ಪುಟ ತೆರೆಯತೊಡಗಿತು. ಪುಟದ ಮೇಲಿದ್ದ ಅವಳ ಕುತೂಹಲ ಯಾವಾಗ ಅವನ ಕಡೆ ತಿರುಗಿತೋ, ಅವಳಿಗೇ ತಿಳಿಯಲಿಲ್ಲ.

"ಚಪ್ಪರ ಕಿತ್ತ ಮದುವೆ ಮನೆ ಹಾಗಿದೆ," ಎಂದಳು ಒಂದು ದಿನ. "ಹೂ ಪೂರ್ತಿ ತೆಗೀಲೇಬೇಕಿತ್ತಾ? ಹೊಸ ಫೋನ್‌ನೋರಿಗಾದ್ರೂ ಕಾಣ್ಲಿ. ಹಳೇದ್ರಲ್ಲಿ ಇಂಚು ಕಂಡ್ರೆ ಸಾಕಲ್ವಾ?"

ಅವನು ತಟ್ಟನೆ ಎದ್ದು ಹೋದ. ವಾರ ಕಳೆದರೂ ಬರಲಿಲ್ಲ.

ಬೇಜಾರಾಯಿತೇನೋ... ನನ್ನ ಬಾಯಿಗೊಂದು ಬೀಗ ಹಾಕಬೇಕು! ಅಥವಾ ಕೆಲಸ ಮುಗಿಯಿತೆಂದು ಇನ್ನು ಬರುವುದೇ ಇಲ್ಲವೇ? ಕೊನೆಗೆ ತಾನೇ ಫೋನ್ ಮಾಡಿದಳು.

"ಇಲ್ಲೊಂದು ಫೋನಲ್ಲಿ ನಿಮ್ಮ ಪುಟ ತೆರೀತಾನೇ ಇಲ್ಲ ಕಣ್ರೀ."

ಸಿಕ್ಕ ಬಸ್ಸು ಹಿಡಿದು ಬಂದೇಬಿಟ್ಟ. ಫೋನನ್ನು ಒಂದು ಗಳಿಗೆ ನೋಡಿ ನಕ್ಕ.

"ನೆಟ್ಟೇ ಆಫ್ ಆಗಿದೆಯಲ್ರೀ."

"ನಾನೇ ಮಾಡಿದ್ದು." ಅವಳು ತಲೆ ಎತ್ತಲಿಲ್ಲ. "ಇಲ್ದಿದ್ರೆ ನೀವು ಬರ್ತಿರ್ಲಿಲ್ಲ... ನೀವು ಬರ್ದೇ ಇದ್ರೆ ನಂಗೆ ಆಗಲ್ಲ."

ನಿರಂಜನ ನೆಟ್ ಹಾಕಿದ. ಆ ಹಳೆಯ ಫೋನಿನಲ್ಲಿ ಊರುಗಳ ಹೆಸರು, ಎದುರಿಗೆ ಇಂಚು, ಅಷ್ಟೇ. ಆಮೇಲೆ ಅವಳದೇ ಹೊಸ ಫೋನಿನಲ್ಲಿ ಪುಟ ತೆರೆದ. ಹೂವು ಮೆಲ್ಲಗೆ ಅರಳಿತು.

"ನೀವು ಹೇಳಿದ್ದೇ ಸರಿ. ಹಾಗೆ ಮಾಡಿ ಮುಗಿಸ್ಕೊಂಡೇ ಬರೋಣ ಅಂತ ಕೂತಿದ್ದೆ."

"ಹಾಗಾದ್ರೆ ಕೆಲಸ ಮುಗೀತಾ?"

"ಮುಗೀತು. ಇನ್ನು ಇಲ್ಲಿಗೆ ಬರೋಕೆ ಏನು ನೆಪ ಹೇಳ್ಲಿ ಅಂತ ಬಸ್ಸಲ್ಲಿ ದಾರಿಯಿಡೀ ಯೋಚ್ನೆ ಮಾಡ್ದೆ. ಹೊಳೀಲಿಲ್ಲ."

ರಕ್ಷಾ ಈಗ ತಲೆ ಎತ್ತಿದಳು.

"ನೆಪ ಯಾಕೆ? ಭಾನುವಾರ ಅಪ್ಪ ಮನೇಲಿರ್ತಾರೆ. ಬನ್ನಿ."